ಪೀಠಿಕೆ ಚೆನ್ನಾಗಿದೆ, ನಡುಭಾಗ ಕೆಟ್ಟಿದೆ: ಪ್ರಬಂಧದ ಪ್ಯಾರಾಗಳಲ್ಲಿ ದೋಷ ಹುಡುಕುವ ಬಗೆ

ಕಾರವಾರದಲ್ಲಿ ಜೂನ್ ಬಂತೆಂದರೆ ಸಂಜೆ ಐದಕ್ಕೇ ಲೈಟ್ ಹಾಕಬೇಕು. ಹಂಚಿನ ಮೇಲೆ ಮಳೆ ಹುಯ್ಯುತ್ತಿರುತ್ತದೆ, ನಾನು ಪ್ರಬಂಧದ ಕಾಗದಗಳನ್ನು ತಿದ್ದುತ್ತಾ ಕೂತಿರುತ್ತೇನೆ. ಹತ್ತನೇ ತರಗತಿಯವರದ್ದು ಇರುತ್ತವೆ, ಪಿಯು ಮಕ್ಕಳದ್ದು ಇರುತ್ತವೆ, ಕೆಎಎಸ್‌ಗೆ ಓದುತ್ತಿರುವ ದೊಡ್ಡವರದ್ದೂ ಇರುತ್ತವೆ. ವಯಸ್ಸು ಬೇರೆ ಬೇರೆ, ದೂರು ಮಾತ್ರ ಒಂದೇ. "ಅಕ್ಕೋರೆ, ಗೊತ್ತಿರೋದೆಲ್ಲ ಬರೆದಿದ್ದೇನೆ. ಆದ್ರೂ ಮಾರ್ಕ್ಸ್ ಯಾಕೆ ಬರ್ತಾ ಇಲ್ಲ?"

ಅವರ ಮಾತು ನಿಜ. ಗೊತ್ತಿರುವುದೆಲ್ಲ ಕಾಗದದಲ್ಲಿ ಇರುತ್ತದೆ. ಪೀಠಿಕೆ ಚೆಂದ ಇರುತ್ತದೆ, ಯಾಕೆಂದರೆ ಅದನ್ನು ಬಾಯಿಪಾಠ ಮಾಡಿರುತ್ತಾರೆ. ಉಪಸಂಹಾರವೂ ಹಾಗೆಯೇ. ಕೆಡುವುದು ನಡುವಿನ ಮೂರು ನಾಲ್ಕು ಪ್ಯಾರಾ. ನಮ್ಮ ಶಾಲೆಗಳಲ್ಲಿ ಅದಕ್ಕೆ 'ವಿಷಯ ವಿವರಣೆ' ಎಂದು ಹೆಸರು. ಹೆಸರು ಕೇಳಿದರೆ ವಿಷಯವನ್ನು ವಿವರಿಸಿದರೆ ಸಾಕು ಅನಿಸುತ್ತದೆ. ಮಕ್ಕಳು ವಿವರಿಸುತ್ತಲೇ ಹೋಗುತ್ತಾರೆ. ಓದುವವರಿಗೆ ಇವರು ಏನು ಹೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಇಂಥ ಕಾಗದ ನೋಡಿದವರು ಸಾಮಾನ್ಯವಾಗಿ "ಭಾಷೆ ಸುಧಾರಿಸಬೇಕು" ಎಂದು ಬರೆದು ಕೊಡುತ್ತಾರೆ. ಮಕ್ಕಳು ದೊಡ್ಡ ದೊಡ್ಡ ಪದ ಹುಡುಕಿಕೊಂಡು ಬರುತ್ತಾರೆ. ಪ್ರಬಂಧ ಇನ್ನಷ್ಟು ಭಾರವಾಗುತ್ತದೆ. ನಾನು ನೋಡಿದ ಹೆಚ್ಚಿನ ಕಾಗದಗಳಲ್ಲಿ ದೋಷ ಭಾಷೆಯಲ್ಲಿ ಇರಲಿಲ್ಲ. ಪ್ಯಾರಾದ ಮೊದಲ ವಾಕ್ಯದಲ್ಲಿ ಇತ್ತು. ಆ ಪ್ಯಾರಾ ಏನನ್ನು ಸಾಧಿಸಿ ತೋರಿಸಲಿದೆ ಎಂದು ಹೇಳುವ ವಾಕ್ಯ ಅದು. ನಾನು ಅದನ್ನು ಮುಖ್ಯವಾಕ್ಯ ಎನ್ನುತ್ತೇನೆ. ಅದನ್ನು ಹಿಡಿದು ದೋಷ ಹುಡುಕುವುದು ಹೇಗೆ, ಸಿಕ್ಕಿದ ಮೇಲೆ ಸರಿಮಾಡುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ನಿಮ್ಮದೇ ಒಂದು ಹಳೆಯ ಪ್ರಬಂಧ ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಉಪಯೋಗ ಜಾಸ್ತಿ.

ಎಲ್ಲಕ್ಕಿಂತ ಮೊದಲು: ಚೀಟಿ ಪರೀಕ್ಷೆ

ಪೀಠಿಕೆಯನ್ನೂ ಉಪಸಂಹಾರವನ್ನೂ ಪಕ್ಕಕ್ಕಿಡಿ. ನಡುವಿನ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಒಂದು ಚೀಟಿಗೆ ಬರೆದುಕೊಳ್ಳಿ. ಒಂದರ ಕೆಳಗೆ ಒಂದು. ಆಮೇಲೆ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಬರೆಯದೆ ಬಿಟ್ಟದ್ದನ್ನೂ ಸೇರಿಸಿಕೊಂಡು ಓದಿಬಿಡುತ್ತೇವೆ.

'ಕಾರವಾರದಲ್ಲಿ ಪ್ರವಾಸೋದ್ಯಮ' ಎಂಬ ಪ್ರಬಂಧದಿಂದ ಬಂದ ಒಂದು ಚೀಟಿ ಹೀಗಿತ್ತು:

"ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ.
ಇಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರವಿದೆ.
ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತು ಸಂಗ್ರಹಾಲಯವಿದೆ.
ಹತ್ತಿರದಲ್ಲೇ ಕದಂಬ ನೌಕಾನೆಲೆ ಇದೆ."

ನಾಲ್ಕೂ ನಿಜ. ಆದರೆ ಬರೆದವನು ಪ್ರವಾಸೋದ್ಯಮದ ಬಗ್ಗೆ ಏನು ಹೇಳಿದ? ಏನೂ ಇಲ್ಲ. ಇದು ಬಸ್ ಸ್ಟ್ಯಾಂಡಿನಲ್ಲಿ ಹಾಕುವ ಬೋರ್ಡ್. ಅದೇ ಹುಡುಗ ಎರಡು ವಾರ ಕೂತು ಮತ್ತೆ ಬರೆದ ಮೇಲೆ ಚೀಟಿ ಹೀಗಾಯಿತು:

"ಕಾರವಾರದ ಕಡಲು ನೋಡಲು ಬರುವವರನ್ನು ಒಂದು ರಾತ್ರಿ ಉಳಿಸಿಕೊಳ್ಳಲು ನಮಗೆ ಆಗುತ್ತಿಲ್ಲ.
ಗೋವಾ ಪಕ್ಕದಲ್ಲೇ ಇರುವುದು ಇದಕ್ಕೆ ಮೊದಲ ಕಾರಣ.
ಗೋವಾದಲ್ಲಿ ಸಿಗದ ಕತೆಗಳು ನಮ್ಮಲ್ಲಿವೆ, ಅವನ್ನು ನಾವು ಬಂದವರಿಗೆ ಹೇಳುತ್ತಿಲ್ಲ."

ಮೂರನೇ ಪ್ಯಾರಾದೊಳಗೆ ಟ್ಯಾಗೋರ್ ಮತ್ತೆ ಬಂದರು. ಆದರೆ ಈಗ ಸುಮ್ನೆ ಬರಲಿಲ್ಲ. ಅವರು ಇಪ್ಪತ್ತರ ಆಸುಪಾಸಿನಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಉಳಿದಿದ್ದರು. ಇಲ್ಲಿದ್ದಾಗಲೇ ಒಂದು ನಾಟಕ ಬರೆದರು. ಕಡಲತೀರಕ್ಕೆ ಆ ಹೆಸರು ಯಾಕೆ ಬಂತು ಎಂಬ ಈ ಸಂಗತಿ 'ಹೇಳದೆ ಬಿಟ್ಟ ಕತೆ' ಎಂಬ ಮಾತಿಗೆ ಸಾಕ್ಷಿಯಾಯಿತು. ಮೊದಲ ಕಾಗದದಲ್ಲೂ ಇದೇ ಮಾಹಿತಿ ಇತ್ತು. ಅಲ್ಲಿ ಅದಕ್ಕೆ ಮಾಡಲು ಕೆಲಸ ಇರಲಿಲ್ಲ, ಅಷ್ಟೇ.

ಚೀಟಿ ಓದಿದಾಗ ಒಂದು ವಾದ ಕೇಳಿಸಿದರೆ ನಿಮ್ಮ ಪ್ರಬಂಧದ ಎಲುಬು ಗಟ್ಟಿ ಇದೆ. ಬರೀ ಹೆಸರುಗಳ ಪಟ್ಟಿ ಕೇಳಿಸಿದರೆ ಕೆಳಗಿನ ಮೊದಲ ದೋಷ ನೋಡಿ. ವಾಕ್ಯಗಳು ಚೆನ್ನಾಗಿದ್ದೂ ಹಿಂದೆಮುಂದೆ ಮಾಡಿದರೆ ಏನೂ ವ್ಯತ್ಯಾಸ ಆಗದಿದ್ದರೆ 'ಪ್ಯಾರಾ ಪ್ಯಾರಾಕ್ಕೆ ನಂಟಿಲ್ಲ' ಎಂಬ ಭಾಗಕ್ಕೆ ಹೋಗಿ. ಚೀಟಿ ಚೆನ್ನಾಗಿದ್ದು ಪ್ಯಾರಾ ಮಾತ್ರ ಸೊರಗಿದ್ದರೆ ದೋಷ ಮೊದಲ ವಾಕ್ಯದ ನಂತರ ಇದೆ.

ಲಕ್ಷಣ: ಮೊದಲ ವಾಕ್ಯ ಓದಿ "ಹೌದು, ಗೊತ್ತು" ಅನಿಸುತ್ತದೆ

ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

ಪರೀಕ್ಷೆ ಸುಲಭ. ಮೊದಲ ವಾಕ್ಯವನ್ನು ಪಕ್ಕದಲ್ಲಿ ಇರುವವರಿಗೆ ಓದಿ ಹೇಳಿ. ಅವರು "ಅದು ಹೇಗೆ?" ಎಂದೋ "ಯಾಕೆ?" ಎಂದೋ ಕೇಳಿದರೆ ವಾಕ್ಯಕ್ಕೆ ಜೀವ ಇದೆ. "ಹೂಂ" ಎಂದು ಸುಮ್ಮನಾದರೆ ಅದು ಮುಖ್ಯವಾಕ್ಯ ಅಲ್ಲ. ಅದು ಒಂದು ಸಂಗತಿ.

ಸಂಗತಿ ದೊಡ್ಡದಾದಷ್ಟೂ ಮೋಸ ಹೋಗುತ್ತೇವೆ. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ರಂದು ನಿಂತಿತು. ಎಂಥ ಸಂಗತಿ ಅಲ್ವಾ? ಇದನ್ನೇ ಪ್ಯಾರಾದ ತಲೆಗೆ ಇಟ್ಟರೆ ಚೆನ್ನಾಗಿರುತ್ತದೆ ಅನಿಸುತ್ತದೆ. ಆದರೆ ಇದನ್ನು ಓದಿದ ಮೇಲೆ ಕೇಳಲು ಪ್ರಶ್ನೆ ಇಲ್ಲ. "ಅಣು ವಿದ್ಯುತ್ತನ್ನು ಬೇಡ ಎನ್ನುವವರೂ ಅದರ ಒಂದು ಗುಣ ಒಪ್ಪಬೇಕು, ಅದು ಮಳೆ ಗಾಳಿಗೆ ಕಾಯುವುದಿಲ್ಲ" ಎಂದು ಬರೆಯಿರಿ. "ಹೇಗೆ?" ಎಂಬ ಪ್ರಶ್ನೆ ಬರುತ್ತದೆ. ಆಗ 962 ದಿನ ಉತ್ತರವಾಗಿ ನಿಲ್ಲುತ್ತದೆ. ಅಂಕಿಯ ಜಾಗ ಎರಡನೆಯ ಅಥವಾ ಮೂರನೆಯ ವಾಕ್ಯ.

ಕುಮಟಾ ಕಡೆಯ ಹುಡುಗಿಯೊಬ್ಬಳು ಅಘನಾಶಿನಿಯ ಬಗ್ಗೆ ಬರೆದಿದ್ದಳು. ಅವಳ ಎರಡನೇ ಪ್ಯಾರಾ ಹೀಗೆ ಶುರುವಾಗುತ್ತಿತ್ತು: "ಅಘನಾಶಿನಿ ನಮ್ಮ ಜಿಲ್ಲೆಯ ಪ್ರಮುಖ ನದಿಗಳಲ್ಲಿ ಒಂದು." ನಾನು ಪೆನ್ಸಿಲಿನಿಂದ ಪಕ್ಕದಲ್ಲಿ "ಸರಿ, ಆಮೇಲೆ?" ಎಂದು ಬರೆದೆ. ಅವಳು ತಂದ ಎರಡನೇ ರೂಪ: "ಅಘನಾಶಿನಿ ಅಣೆಕಟ್ಟು ಇಲ್ಲದ ನದಿ." ಇದು ಹಿಂದಿನದಕ್ಕಿಂತ ಒಳ್ಳೆಯದು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ಶರಾವತಿಗೆ ಲಿಂಗನಮಕ್ಕಿ ಇದೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಆದರೂ ಇದು ಇನ್ನೂ ಸಂಗತಿಯೇ. ಅಣೆಕಟ್ಟು ಇಲ್ಲದಿದ್ದರೆ ಏನಾಯಿತು, ಅದು ಬರಬೇಕು. ಮೂರನೇ ಸಲ ಅವಳು ಬರೆದದ್ದು:

"ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬೀಳದೆ ಇದ್ದದ್ದರಿಂದಲೇ ಅದರ ಅಳಿವೆಯ ಜನರಿಗೆ ಇಂದಿಗೂ ನೀರಿನಿಂದ ಊಟ ಸಿಗುತ್ತಿದೆ. ಶಿರಸಿ ಸೀಮೆಯಲ್ಲಿ ಹುಟ್ಟಿದ ನೀರು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ದೊಡ್ಡ ತಡೆ ಇಲ್ಲದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಜಾಗದಲ್ಲಿ ಬಳಚು ಎಂಬ ಚಿಪ್ಪುಮೀನು, ಸಿಗಡಿ, ಏಡಿ ಬೆಳೆಯುತ್ತವೆ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಬಳಚು ಆರಿಸಿ ತಂದು ಮಾರುತ್ತಾರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು."

ಈಗ ಪ್ರತಿ ವಾಕ್ಯವನ್ನೂ ಮೊದಲ ವಾಕ್ಯದ ಮುಂದೆ ನಿಲ್ಲಿಸಿ ನೋಡಿ. ನೀರಿನಿಂದ ಊಟ ಸಿಗುತ್ತಿರುವುದು ಹೇಗೆ? ತಡೆ ಇಲ್ಲದೆ ಹರಿಯುವ ನೀರು, ಬೆರೆಯುವ ಉಪ್ಪು, ಬಳಚು, ಕಗ್ಗ. ಎಲ್ಲವೂ ಉತ್ತರ ಕೊಡುತ್ತಿವೆ. ಕೊನೆಯದನ್ನು ಬಿಟ್ಟು. ರಾಮ್ಸಾರ್ ಮನ್ನಣೆ ದೊಡ್ಡ ಸುದ್ದಿ, ನಮ್ಮ ಜಿಲ್ಲೆಗೆ ಹೆಮ್ಮೆ. ಆದರೆ ಅದರಿಂದ ಯಾರ ಒಲೆಯೂ ಹೊತ್ತಿಲ್ಲ. ಆ ವಾಕ್ಯ ಮುಂದಿನ ಪ್ಯಾರಾದ್ದು. "ಈ ಅಳಿವೆ ಈಗ ಬರೀ ಕುಮಟಾದವರ ಆಸ್ತಿಯಾಗಿ ಉಳಿದಿಲ್ಲ" ಎಂದು ಶುರುಮಾಡಿದರೆ ಅದರ ಕೆಳಗೆ ಸರಿಯಾಗಿ ಕೂರುತ್ತದೆ.

ಲಕ್ಷಣ: ಮೊದಲ ವಾಕ್ಯದಲ್ಲಿ 'ಮತ್ತು' ಇದೆ

ಶಿರಸಿಯ ಅಡಿಕೆ ಪೇಟೆಗೆ ಹೋದವರಿಗೆ ಗೊತ್ತು. ರಾಶಿ ಬೇರೆ, ಚಾಲಿ ಬೇರೆ, ಬೆಟ್ಟೆ ಬೇರೆ, ಗೋಟು ಬೇರೆ. ಒಂದೇ ಚೀಲದಲ್ಲಿ ಬೆರೆಸಿ ಒಯ್ದರೆ ಒಳ್ಳೆಯದಕ್ಕೂ ಬೆಲೆ ಬರುವುದಿಲ್ಲ. ಮನೆಯ ಅಂಗಳದಲ್ಲೇ ಕೂತು ಆರಿಸಬೇಕು. ಪ್ಯಾರಾಕ್ಕೂ ಇದೇ ಕೆಲಸ ಆಗಬೇಕು.

"ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಮೀನಿನ ಸಂತತಿ ಉಳಿಯುತ್ತದೆ ಮತ್ತು ಮೀನುಗಾರರಿಗೆ ಕಷ್ಟವಾಗುತ್ತದೆ." ಈ ವಾಕ್ಯದ ಕೆಳಗೆ ಬರೆಯಲು ಕೂತವನು ಮೊದಲ ಎರಡು ಸಾಲು ಮೀನಿನ ಬಗ್ಗೆ ಬರೆಯುತ್ತಾನೆ, ಆಮೇಲೆ ಮನುಷ್ಯರ ಕಡೆ ಹೊರಳುತ್ತಾನೆ. ಎರಡಕ್ಕೂ ನ್ಯಾಯ ಸಿಗುವುದಿಲ್ಲ. 'ಮತ್ತು', 'ಹಾಗೂ', 'ಜೊತೆಗೆ' ಮೊದಲ ವಾಕ್ಯದಲ್ಲಿ ಕಂಡರೆ ಪೆನ್ಸಿಲಿನಿಂದ ಸುತ್ತು ಹಾಕಿ. ಆ ಪದದಲ್ಲೇ ವಾಕ್ಯವನ್ನು ಮುರಿದು ಎರಡು ಪ್ಯಾರಾ ಮಾಡಬಹುದಾ ನೋಡಿ. ಇಲ್ಲಿ ಮಾಡಬಹುದು. ಒಂದರಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಯಾಕೆ ಬಂದರಿನಲ್ಲೇ ನಿಲ್ಲುತ್ತವೆ, ಮೀನು ಮೊಟ್ಟೆ ಇಡುವ ಹೊತ್ತಿಗೂ ಅದಕ್ಕೂ ಏನು ಸಂಬಂಧ ಎಂದು ಬರೆಯಬೇಕು. ಇನ್ನೊಂದರಲ್ಲಿ ಆ ಎರಡು ತಿಂಗಳು ದೋಣಿಯ ಮೇಲೆ ಕೂಲಿಗೆ ಹೋಗುವವರ ಮನೆ ನಡೆಯುವುದು ಹೇಗೆ ಎಂದು ಬರೆಯಬೇಕು.

ಒಂದು ಎಚ್ಚರಿಕೆ. ಎರಡು ಮಾತು ಇದ್ದ ಮಾತ್ರಕ್ಕೆ ಮುರಿಯಬೇಕು ಅಂತಿಲ್ಲ. "ನಿಷೇಧ ಮೀನಿಗೆ ಒಳ್ಳೆಯದೇ ಆದರೂ ಅದರ ಭಾರ ದೋಣಿಯ ಮಾಲೀಕನಿಗಿಂತ ಕೂಲಿಯವನ ಮೇಲೆ ಜಾಸ್ತಿ ಬೀಳುತ್ತದೆ" ಎಂಬ ವಾಕ್ಯದಲ್ಲೂ ಎರಡು ಮಾತಿವೆ. ಆದರೆ ಇಲ್ಲಿ ಮೊದಲನೆಯದು ಒಪ್ಪಿಗೆ, ಎರಡನೆಯದು ವಾದ. 'ಆದರೂ' ಎಂಬ ಪದ ಯಾವುದು ಮೇಲು ಯಾವುದು ಕೆಳಗೆ ಎಂದು ಹೇಳಿಬಿಡುತ್ತದೆ. 'ಮತ್ತು' ಹೇಳುವುದಿಲ್ಲ. ನಾನು ಮಕ್ಕಳಿಗೆ ಎರಡು ಮಾತು ಜೋಡಿಸಲೇಬೇಕಾದರೆ 'ಆದರೂ', 'ಯಾಕೆಂದರೆ', 'ಅದರಿಂದಲೇ' ಬಳಸಿ ನೋಡಿ ಎನ್ನುತ್ತೇನೆ. ಕೂಡಿಬಂದರೆ ಒಂದೇ ಪ್ಯಾರಾ. ಬರದಿದ್ದರೆ ಎರಡು.

ಲಕ್ಷಣ: ಮೊದಲ ವಾಕ್ಯ ಚೆನ್ನಾಗಿದೆ, ಪ್ಯಾರಾ ಬೇರೆಲ್ಲೋ ಹೋಗಿದೆ

ಇದನ್ನು ನಮ್ಮ ಕಡೆಯ ಮಕ್ಕಳಿಗೆ ವಿವರಿಸುವುದು ಸುಲಭ. ಅವರು ಯಕ್ಷಗಾನ ನೋಡಿರುತ್ತಾರೆ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರಧಾರಿ ಆ ಪದ್ಯಕ್ಕೆ ಅರ್ಥ ಹೇಳುತ್ತಾನೆ. ಒಳ್ಳೆಯ ಅರ್ಥಧಾರಿ ಪದ್ಯದ ನಾಲ್ಕು ಸಾಲಿನಿಂದ ಹತ್ತು ನಿಮಿಷದ ಮಾತು ತೆಗೆಯುತ್ತಾನೆ. ಪುರಾಣದ ಉಪಕತೆ ತರುತ್ತಾನೆ, ಎದುರಾಳಿಯನ್ನು ಕೆಣಕುತ್ತಾನೆ, ತನ್ನ ನೋವು ಹೇಳಿಕೊಳ್ಳುತ್ತಾನೆ. ಎಷ್ಟು ದೂರ ಹೋದರೂ ಪದ್ಯದ ಭಾವಕ್ಕೆ ತಿರುಗಿ ಬರುತ್ತಾನೆ. ಬರದೆ ಹೋದರೆ ಮುಂದೆ ಚಾಪೆ ಹಾಸಿ ಕೂತ ಅಜ್ಜನಿಗೂ ಗೊತ್ತಾಗುತ್ತದೆ. ಮುಖ್ಯವಾಕ್ಯ ಪದ್ಯ. ಉಳಿದದ್ದು ಅರ್ಥ.

ಶಿರಸಿಯ ಒಬ್ಬ ಪಿಯು ವಿದ್ಯಾರ್ಥಿಯ ಪ್ಯಾರಾ ಹೀಗೆ ಶುರುವಾಗಿತ್ತು: "ಅಪ್ಪಿಕೋ ಚಳವಳಿ ಬೇರು ಬಿಟ್ಟದ್ದು ಊರವರು ಆ ಕಾಡನ್ನು ತಮ್ಮದು ಅಂದುಕೊಂಡಿದ್ದರಿಂದ." ಬಹಳ ಒಳ್ಳೆಯ ವಾಕ್ಯ. ಎರಡನೇ ವಾಕ್ಯ: "1983ರ ಸೆಪ್ಟೆಂಬರ್ 8ರಂದು ಸಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು." ಇದೂ ಸರಿ. ಮೂರನೆಯದು: "ಇದಕ್ಕೆ ಸ್ಫೂರ್ತಿ ಹಿಮಾಲಯದ ಚಿಪ್ಕೋ." ಅಲ್ಲಿಂದ ಪೆನ್ನು ಚಮೋಲಿಗೆ ಹೋಯಿತು, 1973ಕ್ಕೆ ಹೋಯಿತು, ಸುಂದರಲಾಲ್ ಬಹುಗುಣರ ಬಳಿ ಹೋಯಿತು, ಅಲ್ಲಿಂದ ಭೂಮಿ ಬಿಸಿಯಾಗುವುದಕ್ಕೆ ಹೋಯಿತು. ಕೊನೆಗೆ "ಆದ್ದರಿಂದ ನಾವೆಲ್ಲರೂ ಗಿಡ ನೆಡೋಣ" ಎಂದು ನಿಂತಿತು. ಸಲ್ಕಣಿಯ ಜನ ಎರಡನೇ ವಾಕ್ಯದಲ್ಲೇ ಉಳಿದುಬಿಟ್ಟರು.

ಇಲ್ಲಿ ಮಾಡುವ ಪರೀಕ್ಷೆ: ಪ್ರತಿ ವಾಕ್ಯದ ಮುಂದೆ ನಿಂತು "ಇದು ನನ್ನ ಪದ್ಯಕ್ಕೆ ಅರ್ಥವಾ?" ಎಂದು ಕೇಳಿ. ಹೌದಾದರೆ ಒಂದು ಸಣ್ಣ ಗೀಟು. ಅಲ್ಲವಾದರೆ ಸೊನ್ನೆ. ಮೊದಲ ಸೊನ್ನೆ ಬಿದ್ದ ಜಾಗವೇ ದಾರಿ ತಪ್ಪಿದ ಜಾಗ. ಅದರ ನಂತರದ್ದನ್ನು ಒಂದೊಂದಾಗಿ ತಿದ್ದಲು ಹೋಗಬೇಡಿ. ಆ ಜಾಗಕ್ಕೆ ಮರಳಿ, ಅಲ್ಲಿಂದ ಮತ್ತೆ ಬರೆಯಿರಿ.

ಆ ಹುಡುಗನ ಮನೆಯಲ್ಲಿ ಅಡಿಕೆ ತೋಟ ಇದೆ. ನಾನು ಕೇಳಿದೆ, "ನಿಮ್ಮ ತೋಟಕ್ಕೆ ಸೊಪ್ಪು ಎಲ್ಲಿಂದ ತರ್ತೀರಪ್ಪ?" "ಸೊಪ್ಪಿನ ಬೆಟ್ಟದಿಂದ." "ನೀರು?" "ಬೆಟ್ಟದ ಒರತೆಯಿಂದ." "ಹಾಗಾದರೆ ಕಾಡು ಹೋದರೆ ಯಾರ ತೋಟ ಹೋಗುತ್ತೆ?" ಅವನು ಉತ್ತರ ಹೇಳಲಿಲ್ಲ, ಬರೆಯಲು ಕೂತ. ಸೊಪ್ಪು, ನೀರು, ಜೇನು, ಕಟ್ಟಿಗೆ ಎಲ್ಲವೂ ಕಾಡಿನಿಂದ ಬರುವ ಊರಿನಲ್ಲಿ ಮರ ಕಡಿಯುವುದನ್ನು ಮನೆಗೆ ಕೈ ಹಾಕಿದಂತೆ ಜನ ಕಂಡರು ಎಂದು ಬರೆದ. 'ತಮ್ಮದು ಅಂದುಕೊಂಡಿದ್ದರಿಂದ' ಎಂಬ ಮಾತಿಗೆ ಆಗ ಅರ್ಥ ಸಿಕ್ಕಿತು.

ಚಿಪ್ಕೋದ ಬಗ್ಗೆ ಅವನು ಕಷ್ಟಪಟ್ಟು ಓದಿದ್ದ. ಅದನ್ನು ಹೊಡೆದುಹಾಕು ಎಂದರೆ ಮಕ್ಕಳಿಗೆ ನೋವಾಗುತ್ತದೆ. ನನಗೂ ಆಗುತ್ತದೆ. ಹಾಗಾಗಿ ಹಾಳೆಯ ಬದಿಯಲ್ಲಿ 'ಉಳಿಕೆ' ಎಂದು ಬರೆದು ಅಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ. ಕೆಲವು ಸಲ ಆ ಉಳಿಕೆಯೇ ಮುಂದೆ ಒಂದು ಪ್ಯಾರಾ ಆಗುತ್ತದೆ. ಇನ್ನು ಕೆಲವು ಸಲ ಸೊನ್ನೆಗಳೇ ಜಾಸ್ತಿ, ಗೀಟುಗಳು ಕಡಿಮೆ ಇರುತ್ತವೆ. ಆಗ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಬೇರೆ ಮಾತು ಎಂದು ತಿಳಿಯಿರಿ. ಅರ್ಥವನ್ನು ಬಿಡಿ, ಪದ್ಯವನ್ನೇ ಬದಲಿಸಿ.

ಲಕ್ಷಣ: ಒಂದೇ ಮಾತು ಮೂರು ಸಲ ಬಂದಿದೆ

"ಕೊಳೆ ರೋಗದಿಂದ ಅಡಿಕೆ ಬೆಳೆಗಾರರಿಗೆ ತುಂಬಾ ನಷ್ಟವಾಗುತ್ತದೆ. ರೈತರು ಇದರಿಂದ ಬಹಳ ತೊಂದರೆ ಪಡುತ್ತಾರೆ. ಅವರ ಬದುಕು ಸಂಕಷ್ಟಕ್ಕೆ ಸಿಲುಕುತ್ತದೆ." ಮೂರು ವಾಕ್ಯ, ಮಾತು ಒಂದೇ. ಪ್ಯಾರಾ ಉದ್ದವಾಯಿತು, ಬೆಳೆಯಲಿಲ್ಲ.

ಕಾರಣ ಸಾಮಾನ್ಯವಾಗಿ ಇದು: ಮುಖ್ಯವಾಕ್ಯ ತುಂಬಾ ಅಗಲವಾಗಿದೆ. 'ತುಂಬಾ ನಷ್ಟ' ಎಂದ ಮೇಲೆ ಹೇಳಲು ಉಳಿಯುವುದು 'ಬಹಳ ನಷ್ಟ' ಮಾತ್ರ. ಅದನ್ನು ಕಿರಿದು ಮಾಡಿ. ಹೀಗೆ: "ಕೊಳೆ ರೋಗಕ್ಕೆ ಮದ್ದು ಇದೆ, ಆದರೆ ಅದನ್ನು ಹೊಡೆಯಲು ಮಳೆ ಬಿಡುವು ಕೊಡುವುದಿಲ್ಲ." ಈಗ ಹೇಳಲು ಎಷ್ಟೊಂದು ಇದೆ ನೋಡಿ. ಮದ್ದು ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ ಹೊಡೆಯಬೇಕು, 40–45 ದಿನ ಬಿಟ್ಟು ಮತ್ತೊಮ್ಮೆ. ಆ ಎರಡನೇ ಸಲಕ್ಕೆ ಹೊಳವು, ಅಂದರೆ ಮಳೆಯ ಬಿಡುವು, ಸಿಗಬೇಕು. ಅಡಿಕೆಯ ಕೊನೆ (ಗೊನೆ) ಒಣಗಿರಬೇಕು, ಮದ್ದು ಅಂಟಲು ಸ್ವಲ್ಪ ಹೊತ್ತು ಬೇಕು, ಜಾರುವ ಮರ ಹತ್ತಲು ಕೊನೆಗೌಡ ಸಿಗಬೇಕು. ಜುಲೈಯಲ್ಲಿ ಹತ್ತು ದಿನ ಬಿಡದೆ ಮಳೆ ಹೊಯ್ದರೆ ಇವು ಯಾವುವೂ ಆಗುವುದಿಲ್ಲ. ರೋಗಕ್ಕೆ ಮಾತ್ರ ಆ ತೇವವೇ ಬೇಕು.

'ನಷ್ಟ', 'ತೊಂದರೆ', 'ಸಂಕಷ್ಟ' ಎಂಬ ಒಂದು ಪದವನ್ನೂ ಬಳಸಲಿಲ್ಲ. ಓದಿದವರಿಗೆ ನಷ್ಟ ಕಾಣುತ್ತದೆ.

"ಇಂದಿನ ಆಧುನಿಕ ಯುಗದಲ್ಲಿ", "ಅನಾದಿ ಕಾಲದಿಂದಲೂ" ಎಂದು ಶುರುವಾಗುವ ಪ್ಯಾರಾಗಳೂ ಇದೇ ಜಾತಿಯವು. ಆ ಪದಗಳನ್ನು ಹೊಡೆದುಹಾಕಿ, ಯಾವ ವರ್ಷ, ಯಾವ ಊರು ಎಂದು ಬರೆಯಿರಿ. ಅರ್ಧ ದೋಷ ಅಲ್ಲೇ ಹೋಗುತ್ತದೆ.

ಲಕ್ಷಣ: ಪ್ಯಾರಾ ಮುಗಿಯುವಾಗ ಜೀವ ಬರುತ್ತದೆ

ಇದು ಕನ್ನಡದಲ್ಲಿ ಬರೆಯುವವರಿಗೆ ಸಹಜವಾಗಿ ಬರುವ ದೋಷ ಎಂದು ನನಗೆ ಅನಿಸುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವಾಗ ಎಲ್ಲ ಹೇಳಿ, ಏನಾಯಿತು ಎಂದು ಕೊನೆಗೆ ಹೇಳುತ್ತೇವೆ. ಜಗಲಿ ಮೇಲೆ ಕೂತು ಕತೆ ಹೇಳುವಾಗಲೂ ಹಾಗೆಯೇ. ಪ್ಯಾರಾ ಬರೆಯುವಾಗಲೂ ಕೈ ಅದೇ ದಾರಿ ಹಿಡಿಯುತ್ತದೆ.

ಕೆಎಎಸ್‌ಗೆ ಓದುತ್ತಿದ್ದ ಒಬ್ಬರ ಪ್ಯಾರಾ: "2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಂದು ನದಿಗೆ ಬಿತ್ತು. ಅದರ ಚಾಲಕನನ್ನು ಕಾಪಾಡಲಾಯಿತು. ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಸೇತುವೆಯ ಉದ್ಘಾಟನೆಗೆ ಸಿಗುವ ಗಮನ ಅದರ ತಪಾಸಣೆಗೂ ಸಿಗಬೇಕು."

ಕೊನೆಯ ವಾಕ್ಯ ನೋಡಿ. ಅದೇ ಮುಖ್ಯವಾಕ್ಯ. ಅದು ಬಾಗಿಲ ಹೊರಗೆ ನಿಂತಿದೆ. ಪರೀಕ್ಷೆ: ಮೊದಲ ವಾಕ್ಯ, ಕೊನೆಯ ವಾಕ್ಯ ಎರಡನ್ನೂ ಪಕ್ಕಪಕ್ಕ ಇಡಿ. ಕೊನೆಯದು "ಯಾಕೆ?" ಎಂದು ಕೇಳಿಸಿದರೆ ಅದನ್ನು ಎತ್ತಿ ಮೇಲಕ್ಕೆ ಇಡಿ. ಮೇಲಕ್ಕೆ ಇಟ್ಟ ಕೂಡಲೇ ಇನ್ನೊಂದು ಲಾಭ ಆಗುತ್ತದೆ. ಏನು ಕಡಿಮೆ ಇದೆ ಎಂದು ಕಾಣುತ್ತದೆ. ಇಲ್ಲಿ ತಪಾಸಣೆಯ ಬಗ್ಗೆ ಒಂದು ಮಾತೂ ಇಲ್ಲ! ಕುಸಿದ ಸುದ್ದಿ ಮಾತ್ರ ಇದೆ. ಹಳೆಯ ಸೇತುವೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ, ಏನು ನೋಡಿ ಪರೀಕ್ಷಿಸಬೇಕು ಎಂದು ಅವರು ಹುಡುಕಿ ಬರೆಯಬೇಕಾಯಿತು. ವಾಕ್ಯ ಕೆಳಗೇ ಇದ್ದಿದ್ದರೆ ಆ ಕೊರತೆ ಅವರಿಗೆ ಕಾಣುತ್ತಲೇ ಇರಲಿಲ್ಲ.

ಎಲ್ಲ ಪ್ಯಾರಾವನ್ನೂ ಹೀಗೆ ತಿರುಗಿಸಬೇಕಾ? ಬೇಡ. ನಿಮ್ಮ ಮಾತನ್ನು ಓದುವವರು ಒಪ್ಪುವುದು ಕಷ್ಟ ಎಂದು ಗೊತ್ತಿದ್ದಾಗ, ಮೊದಲು ಘಟನೆ ಹೇಳಿ ಮಾತನ್ನು ಕೊನೆಗೆ ಇಡುವುದೇ ಸರಿ. ಒಂದು ಪ್ರಬಂಧದಲ್ಲಿ ಅಂಥ ಒಂದು ಪ್ಯಾರಾ ಇದ್ದರೆ ಚೆನ್ನ. ಬೇಕೆಂದೇ ಹಾಗೆ ಬರೆದಿರಬೇಕು, ಅಷ್ಟೇ.

ಲಕ್ಷಣ: ಪ್ಯಾರಾ ಪ್ಯಾರಾಕ್ಕೆ ನಂಟಿಲ್ಲ

ಚೀಟಿಯನ್ನು ಕತ್ತರಿಸಿ ವಾಕ್ಯಗಳನ್ನು ಹಿಂದೆಮುಂದೆ ಮಾಡಿ. ಅರ್ಥ ಕೆಡದಿದ್ದರೆ ದೋಷ ಇದೆ. 'ಇನ್ನು', 'ಅಲ್ಲದೆ', 'ಹಾಗೆಯೇ' ಎಂದು ಶುರುವಾಗುವ ಪ್ಯಾರಾಗಳಲ್ಲಿ ಇದು ಜಾಸ್ತಿ. ಆ ಪದಗಳು ಹೊಲಿಗೆಯಂತೆ ಕಾಣುತ್ತವೆ, ಒಳಗೆ ದಾರ ಇರುವುದಿಲ್ಲ.

ಹಿಂದಿನ ಪ್ಯಾರಾದಿಂದ ಒಂದು ಪದ ಎತ್ತಿಕೊಂಡು ಮುಂದಿನ ಮುಖ್ಯವಾಕ್ಯದಲ್ಲಿ ಇಡಿ. ಕಾಳಿಯ ಬಗ್ಗೆ ಒಂದು ಚೀಟಿ: "ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ 184 ಕಿಲೋಮೀಟರ್‌ನಲ್ಲಿ ಕಾಳಿಯನ್ನು ನಾವು ಹಲವು ಕಡೆ ನಿಲ್ಲಿಸಿದ್ದೇವೆ. ಹೀಗೆ ನಿಲ್ಲಿಸಿದ ನೀರು ರಾಜ್ಯಕ್ಕೆ ಬೆಳಕು ಕೊಟ್ಟಿತು. ಆ ಬೆಳಕಿಗೆ ಬೆಲೆ ತೆತ್ತವರು ಹಳೆಯ ಸೂಪಾದಂತೆ ಮುಳುಗಿದ ಊರುಗಳ ಜನ." ನಿಲ್ಲಿಸಿದ್ದು, ಬೆಳಕು, ಬೆಲೆ. ಇದನ್ನು ಹಿಂದೆಮುಂದೆ ಮಾಡಲು ಬರುವುದಿಲ್ಲ.

ಪರೀಕ್ಷೆಯ ಕೋಣೆಯಲ್ಲಿ

ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮೂರು ಗಂಟೆಗೆ ಎರಡು ಪ್ರಬಂಧ, ಒಂದೊಂದೂ 1000ದಿಂದ 1200 ಪದ, 125 ಅಂಕ. ಕನ್ನಡದಲ್ಲೂ ಬರೆಯಬಹುದು. ಅಷ್ಟು ಉದ್ದ ಬರೆದು ಆಮೇಲೆ ದೋಷ ಹುಡುಕಲು ಹೊತ್ತು ಸಿಗುವುದಿಲ್ಲ. ಹಾಗಾಗಿ ಚೀಟಿ ಪರೀಕ್ಷೆಯನ್ನು ಮೊದಲೇ ಮಾಡಿ. ಕಚ್ಚಾ ಕೆಲಸದ ಹಾಳೆಯಲ್ಲಿ ಬರೀ ಮುಖ್ಯವಾಕ್ಯಗಳನ್ನು ಬರೆಯಿರಿ, ತುಟಿ ಅಲುಗಿಸಿ ಓದಿ, ಆಮೇಲೆ ಪೀಠಿಕೆ ಬರೆಯಿರಿ. ಹದಿನೈದು ನಿಮಿಷ ಹೋಗುತ್ತದೆ. ಹೋಗಲಿ. ಹತ್ತನೇ ತರಗತಿಯವರಿಗೆ ಅಷ್ಟು ಹೊತ್ತು ಇಲ್ಲ, ಮೂರು ವಾಕ್ಯ ಸಾಕು.

ಲಲಿತ ಪ್ರಬಂಧಕ್ಕೆ ಈ ಕೈಪಿಡಿ ಹೊಂದುವುದಿಲ್ಲ. ಅಜ್ಜಿಯ ಕೊಡೆಯ ಬಗ್ಗೆ ಬರೆಯುವವರು ಪ್ರತಿ ಪ್ಯಾರಾದ ತಲೆಗೆ ವಾದ ಇಡಬೇಕಿಲ್ಲ. ಅಲ್ಲಿ ಲಹರಿ ನಡೆಸುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಯಾಗದಿದ್ದರೆ

ಆಗ ದೋಷ ಕಾಗದದಲ್ಲಿ ಇಲ್ಲ. ಆ ವಿಷಯದ ಬಗ್ಗೆ ನಿಮಗೆ ಇನ್ನೂ ಒಂದು ಅಭಿಪ್ರಾಯ ಹುಟ್ಟಿಲ್ಲ. ಅಭಿಪ್ರಾಯ ಇಲ್ಲದೆ ಮುಖ್ಯವಾಕ್ಯ ಬರುವುದಿಲ್ಲ, ಎಷ್ಟು ತಿಣುಕಿದರೂ. ಪೆನ್ನು ಕೆಳಗಿಟ್ಟು ಆ ವಿಷಯದ ಒಳಗೆ ಬದುಕುತ್ತಿರುವ ಯಾರನ್ನಾದರೂ ಮಾತಾಡಿಸಿ ಬನ್ನಿ.

ಅಘನಾಶಿನಿಯ ಬಗ್ಗೆ ಬರೆದ ಹುಡುಗಿಯ ಕತೆಯನ್ನು ನಾನು ಮೇಲೆ ಪೂರ್ತಿ ಹೇಳಲಿಲ್ಲ. ಎರಡನೇ ರೂಪದಿಂದ ಮೂರನೆಯದಕ್ಕೆ ಬರಲು ಅವಳಿಗೆ ಹತ್ತು ದಿನ ಬೇಕಾಯಿತು. ಅವಳ ತಾಯಿಯೇ ಅಳಿವೆಯಲ್ಲಿ ಬಳಚು ಆರಿಸುವವರು. ಅದನ್ನು ಪ್ರಬಂಧದಲ್ಲಿ ಬರೆಯಬಹುದು ಎಂದು ಅವಳಿಗೆ ಹೊಳೆದಿರಲೇ ಇಲ್ಲ. "ಅಮ್ಮನ್ನ ಕೇಳು, ಈ ಹೊಳೆಗೆ ಕಟ್ಟು ಹಾಕಿದ್ರೆ ಏನಾಗ್ತಿತ್ತು ಅಂತ" ಎಂದು ಕಳಿಸಿದೆ. ಮುಂದಿನ ವಾರ ಬಂದು ಹೇಳಿದಳು: "ಅಮ್ಮ ಹೇಳ್ತು, ಆಗ ನೀನು ಶಾಲೆಗೆ ಹೋಗ್ತಿರಲಿಲ್ಲ ಅಂತ." ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಆ ಪ್ಯಾರಾ ಬರೆದಳು.

ಅವಳ ಮೂರನೇ ಪ್ಯಾರಾ, ರಾಮ್ಸಾರಿನದ್ದು, ಇನ್ನೂ ಸರಿಯಾಗಿಲ್ಲ. ಮೊದಲ ವಾಕ್ಯ ಸರಿ ಇದೆ, ಎರಡನೆಯದಕ್ಕೇ ಸೊನ್ನೆ ಬಿದ್ದಿದೆ. ಈ ಶನಿವಾರ ಅಲ್ಲಿಂದ ಮತ್ತೆ ಶುರುಮಾಡುತ್ತೇವೆ.